ಎಡ ಹಿಂದಿನ ಒಂದೂಕಾಲು ಅಂಗುಲ

ಕಳೆದ ವರ್ಷದ ಅಕ್ಟೋಬರ್ ತಿಂಗಳ ಒಂದು ಮಳೆಯ ಸಂಜೆ, ಡೆಟ್ರಾಯಿಟ್‌ನ ಉತ್ತರಕ್ಕಿರುವ ನಮ್ಮ ಊರಿನ ಸಣ್ಣ ಕೂಡುರಸ್ತೆಯೊಂದರಲ್ಲಿ ನನ್ನ 1970ರ ಪ್ಲಿಮತ್ ಡಸ್ಟರ್ ಕಾರಿನ ಬ್ರೇಕನ್ನು ತುಸು ಜೋರಾಗಿ ಒತ್ತಬೇಕಾಯಿತು. ವೇಗ ಹೆಚ್ಚಿರಲಿಲ್ಲ, ಗಂಟೆಗೆ 25 ಮೈಲಿಯಷ್ಟು ಇದ್ದಿರಬಹುದು. ಬಲಗಡೆಯ ಮುಂದಿನ ಚಕ್ರ ಉರುಳುವುದನ್ನು ನಿಲ್ಲಿಸಿ ಒದ್ದೆ ಡಾಂಬರಿನ ಮೇಲೆ ಜಾರತೊಡಗಿತು. ಎಡಗಡೆಯದು ಉರುಳುತ್ತಲೇ ರಸ್ತೆಯನ್ನು ಕಚ್ಚಿಕೊಂಡಿತ್ತು. ಹಾಗಾಗಿ ಕಾರಿನ ಮೂತಿ ಎಡಕ್ಕೆ, ಎದುರಿನಿಂದ ಬರುವವರ ದಾರಿಗೆ ಅಡ್ಡವಾಗಿ ತಿರುಗಿ ನಿಂತಿತು. ಎದುರಿನಿಂದ ಯಾರೂ ಬರುತ್ತಿರಲಿಲ್ಲ. ಪಕ್ಕದ ಸೀಟಿನಲ್ಲಿ ಮಗಳು ಕುಳಿತಿದ್ದಳು. ಅವಳು ಏನೂ ಹೇಳಲಿಲ್ಲ, ಕೈಯನ್ನು ಡ್ಯಾಶ್‌ಬೋರ್ಡಿನ ಮೇಲೆ ಊರಿ ಹಾಗೆಯೇ ಸ್ವಲ್ಪ ಹೊತ್ತು ಇಟ್ಟುಕೊಂಡಿದ್ದಳು. ಮನೆ ತಲುಪುವವರೆಗೂ ನಾನು ಆ ಕೈಯನ್ನೇ ನೋಡುತ್ತಿದ್ದೆ.

ಮರುದಿನವೇ ಮುಂದಿನ ಚಕ್ರಗಳನ್ನು ಬಿಚ್ಚಿ ಬ್ರೇಕನ್ನು ಪರೀಕ್ಷಿಸಿದೆ. 340 ಘನ ಅಂಗುಲದ ವಿ-8 ಎಂಜಿನ್ನಿನ ಡಸ್ಟರ್‌ಗಳಿಗೆ ಕಾರ್ಖಾನೆಯಿಂದಲೇ ಮುಂದೆ ಡಿಸ್ಕ್ ಬ್ರೇಕ್ ಬರುತ್ತಿತ್ತು. ಪ್ಯಾಡುಗಳು ಎರಡೂ ಕಡೆ ಒಂದೇ ದಪ್ಪಕ್ಕೆ ಸವೆದಿದ್ದವು, ಪಿಸ್ಟನ್ನುಗಳು ಸಲೀಸಾಗಿ ಚಲಿಸುತ್ತಿದ್ದವು, ರಬ್ಬರ್ ಕೊಳವೆಗಳು ಹೊಸವು. ಟೈರುಗಳ ಗಾಳಿಯೂ ಸರಿಯಾಗಿತ್ತು. ದೋಷ ಅಲ್ಲಿರಲಿಲ್ಲ. ಅದು ಎಲ್ಲಿದೆ ಎಂಬುದು ನನಗೆ ಗೊತ್ತಾಗಲು ಇನ್ನೂ ಮೂರು ವಾರ ಬೇಕಾಯಿತು. ಗೊತ್ತಾದಾಗ, ಅದಕ್ಕೆ ಕಾರಣ ಎರಡು ವರ್ಷಗಳ ಹಿಂದೆ ನಾನೇ ಸ್ಪ್ಯಾನರ್ ಹಿಡಿದು ಮಾಡಿದ ಒಂದು ಕೆಲಸ ಎಂಬುದೂ ಗೊತ್ತಾಯಿತು.

ಮೇಜಿನ ಗಿಡ್ಡ ಕಾಲು

ಕಾರನ್ನು ಕೊಂಡ ಹೊಸದರಲ್ಲಿ ಅದು ಎಡ ಹಿಂದಿನ ಮೂಲೆಗೆ ಸ್ವಲ್ಪ ಕುಸಿದು ನಿಲ್ಲುತ್ತಿತ್ತು. ಹಿಂದಿನಿಂದ ನೋಡಿದವರಿಗೆ ಮಾತ್ರ ಕಾಣುವಷ್ಟು. ಪ್ಲಿಮತ್ ಕಾರುಗಳನ್ನು ತಯಾರಿಸುತ್ತಿದ್ದ ಕ್ರೈಸ್ಲರ್ ಕಂಪನಿ 1957ರಿಂದ ತನ್ನ ಕಾರುಗಳ ಮುಂಭಾಗಕ್ಕೆ ಸುರುಳಿ ಸ್ಪ್ರಿಂಗಿನ ಬದಲು ತಿರುಚುವ ಉಕ್ಕಿನ ಸರಳುಗಳನ್ನು, ಅಂದರೆ ಟಾರ್ಷನ್ ಬಾರುಗಳನ್ನು ಬಳಸುತ್ತಿತ್ತು. ಅವುಗಳ ಒಂದು ದೊಡ್ಡ ಅನುಕೂಲವೆಂದರೆ ಪ್ರತಿ ಬದಿಗೂ ಒಂದು ಹೊಂದಾಣಿಕೆಯ ಬೋಲ್ಟ್ ಇರುತ್ತದೆ. ಅದನ್ನು ಬಿಗಿಸಿದರೆ ಆ ಮೂಲೆ ಏರುತ್ತದೆ, ಸಡಿಲಿಸಿದರೆ ಇಳಿಯುತ್ತದೆ. ನಾನು ಎಡ ಮುಂದಿನ ಬೋಲ್ಟನ್ನು ಎರಡು ಸುತ್ತು ಬಿಗಿಸಿದೆ. ಕಾರು ಮಟ್ಟವಾಗಿ ನಿಂತಿತು. ಕೈ ಒರೆಸಿಕೊಂಡು ದೂರ ನಿಂತು ನೋಡಿದಾಗ ಆದ ಸಂತೋಷ ಇನ್ನೂ ನೆನಪಿದೆ.

ನಾಲ್ಕು ಕಾಲಿನ ಮೇಜನ್ನು ನೆನೆಸಿಕೊಂಡರೆ ಆಗ ಏನಾಯಿತೆಂಬುದು ತಿಳಿಯುತ್ತದೆ. ಒಂದು ಕಾಲು ಗಿಡ್ಡವಾದಾಗ ಅದರ ಪಕ್ಕದ ಕಾಲಿನಡಿ ಮರದ ಚಕ್ಕೆ ಇಟ್ಟರೆ ಮೇಜಿನ ಹಲಗೆ ಸಮವಾಗಿ ಕಾಣಬಹುದು. ಆದರೆ ಆ ಚಕ್ಕೆ ಇಟ್ಟ ಕಾಲೂ ಅದಕ್ಕೆ ಮೂಲೆಯಿಂದ ಮೂಲೆಗೆ ಎದುರಾದ ಕಾಲೂ ಎಲ್ಲ ಭಾರವನ್ನು ಹೊರುತ್ತವೆ, ಉಳಿದೆರಡು ನೆಲವನ್ನು ಸುಮ್ಮನೆ ಮುಟ್ಟಿಕೊಂಡಿರುತ್ತವೆ. ನನ್ನ ಕಾರಿನಲ್ಲಿ ಎಡ ಮುಂದಿನ ಮತ್ತು ಬಲ ಹಿಂದಿನ ಚಕ್ರಗಳು ತಮ್ಮ ಪಾಲಿಗಿಂತ ಹೆಚ್ಚು ಹೊರುತ್ತಿದ್ದವು, ಬಲ ಮುಂದಿನ ಚಕ್ರ ಹಗುರಾಗಿತ್ತು. ಹಗುರಾದ ಚಕ್ರ ಒದ್ದೆ ರಸ್ತೆಯಲ್ಲಿ ಮೊದಲು ಜಾರುತ್ತದೆ. ಬ್ರೇಕ್ ಒತ್ತಿದಾಗ ಚಕ್ರ ಜಾರದಂತೆ ನೋಡಿಕೊಳ್ಳುವ ಎಬಿಎಸ್ ವ್ಯವಸ್ಥೆ ಇಲ್ಲದ ಕಾಲದ ಕಾರಿನಲ್ಲಿ ಅದನ್ನು ತಡೆಯಲು ಚಾಲಕನ ಕಾಲೊಂದೇ ಇರುವುದು.

ಇದನ್ನು ನನಗೆ ತೋರಿಸಿಕೊಟ್ಟವರು ನಮ್ಮ ಬೀದಿಯ ಕೊನೆಯ ಮನೆಯ ಹಿರಿಯರು. ಅವರು ಹರೆಯದಲ್ಲಿ ಹ್ಯಾಮ್‌ಟ್ರಾಮಿಕ್‌ನ ಡಾಡ್ಜ್ ಮೇನ್ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. ಡಾಡ್ಜ್ ಸೋದರರು 1910ರಲ್ಲಿ ಆರಂಭಿಸಿದ, ಮುಂದೆ ಕ್ರೈಸ್ಲರಿಗೆ ಸೇರಿದ ಆ ಕಾರ್ಖಾನೆ 1980ರ ಜನವರಿಯಲ್ಲಿ ಮುಚ್ಚಿತು, ಆಮೇಲೆ ಅದನ್ನು ನೆಲಸಮ ಮಾಡಿದರು. ನನ್ನ ಕಾರಿನ ಗುರುತಿನ ಸಂಖ್ಯೆಯ ಏಳನೆಯ ಅಕ್ಷರ ‘ಬಿ’. ಅಂದರೆ ಅದು ಹುಟ್ಟಿದ್ದು ಅಲ್ಲಿಯೇ. ಸ್ಪ್ರಿಂಗ್ ಜೋಡಿಸುವುದನ್ನು ನೀವು ನೋಡಿದ್ದೀರಾ ಎಂದು ಕೇಳಿದ್ದೆ. ಅವರು ಇಲ್ಲವೆಂದು ತಲೆಯಾಡಿಸಿದರು. “ನಾನು ಸೀಟು ಕೂರಿಸುವ ಸಾಲಿನಲ್ಲಿದ್ದೆ. ಕಾರಿನ ಹೊಟ್ಟೆಯ ಕೆಳಗೆ ಏನಿದೆ ಅನ್ನೋದನ್ನ ನಾನು ನೋಡಿದ್ದು ಕೆಲಸ ಬಿಟ್ಟಮೇಲೆ, ನನ್ನ ಸ್ವಂತ ಕಾರು ಕೆಟ್ಟಾಗ.”

ಅವರು ಮಾಡಿಸಿದ ಪರೀಕ್ಷೆ ಬಹಳ ಸರಳವಾದದ್ದು. ಕಾರಿನ ಮುಂಭಾಗವನ್ನು ಸರಿಯಾಗಿ ನಟ್ಟನಡುವಿನಲ್ಲಿ, ಎಂಜಿನ್ ಹೊತ್ತ ಅಡ್ಡ ತೊಲೆಯ ಕೆಳಗೆ ಜಾಕ್ ಕೊಟ್ಟು ಎತ್ತಬೇಕು. ಆಗ ಮುಂಭಾಗಕ್ಕೆ ಎಡಬಲದ ಅಭಿಪ್ರಾಯವೇ ಇರುವುದಿಲ್ಲ, ಕಾರು ಹೇಗೆ ವಾಲುತ್ತದೆ ಎಂಬುದನ್ನು ಹಿಂದಿನ ಎರಡು ಸ್ಪ್ರಿಂಗುಗಳು ಮಾತ್ರವೇ ನಿರ್ಧರಿಸುತ್ತವೆ. ಟೈರಿನ ವ್ಯತ್ಯಾಸ ಲೆಕ್ಕಕ್ಕೆ ಬರದಂತೆ ಚಕ್ರದ ನಡುಬಿಂದುವಿನಿಂದ ಮೇಲಿನ ತಗಡಿನ ಅಂಚಿನವರೆಗೆ ಟೇಪ್ ಹಿಡಿದು ಅಳೆದೆವು. ಎಡ ಹಿಂಬದಿ ಬಲಕ್ಕಿಂತ ಒಂದೂಕಾಲು ಅಂಗುಲ ಕೆಳಗಿತ್ತು. ಎರಡು ವರ್ಷ ನಾನು ಮಟ್ಟವೆಂದು ನಂಬಿದ್ದ ಕಾರು ಅದು.

ಒಂದು ಪಟ್ಟಿಗೆ ಎಷ್ಟು ಕೆಲಸ

ನನ್ನ ಕಾರಿನ ಹಿಂಭಾಗದಲ್ಲಿರುವುದು ಲೀಫ್ ಸ್ಪ್ರಿಂಗ್, ಅಂದರೆ ಕಮಾನಿನಂತೆ ಬಾಗಿದ ಉಕ್ಕಿನ ಪಟ್ಟಿಗಳ ಕಟ್ಟು. ಅದನ್ನು ಒರಟು ವಸ್ತುವೆಂದು ಕಾಣುವವರು ಬಹಳ. ಕುದುರೆಗಾಡಿಯ ಕಾಲದ್ದು, ಲಾರಿಗೆ ತಕ್ಕದ್ದು ಎನ್ನುತ್ತಾರೆ. ನಾನೂ ಹಾಗೆಯೇ ಅಂದುಕೊಂಡಿದ್ದೆ. ಆದರೆ ಸುರುಳಿ ಸ್ಪ್ರಿಂಗ್ ಭಾರವನ್ನು ಹೊರುವ ಒಂದೇ ಕೆಲಸ ಮಾಡುತ್ತದೆ. ಹಿಂದಿನ ಎರಡು ಚಕ್ರಗಳನ್ನು ಜೋಡಿಸುವ ಆಕ್ಸಲ್ಲನ್ನು ಹಿಂದೆಮುಂದೆ, ಅತ್ತಿತ್ತ ಸರಿಯದಂತೆ ಹಿಡಿಯಲು ಬೇರೆ ತೋಳುಗಳು ಬೇಕು. ಪಟ್ಟಿಗಳ ಕಟ್ಟು ಹಾಗಲ್ಲ. ಭಾರ ಹೊರುವುದೂ ಅದೇ, ಆಕ್ಸಲ್ಲನ್ನು ತನ್ನ ಜಾಗದಲ್ಲಿ ನಿಲ್ಲಿಸುವುದೂ ಅದೇ, ಎಂಜಿನ್ನಿನ ಬಲ ಚಕ್ರಕ್ಕೆ ತಲುಪಿದಾಗ ಆಕ್ಸಲ್ಲಿನ ಹೊರಕವಚ ಎದುರು ದಿಕ್ಕಿಗೆ ತಿರುಗಲು ಯತ್ನಿಸುವುದನ್ನು ತಡೆಯುವುದೂ ಅದೇ. ಪಟ್ಟಿಗಳು ಒಂದರ ಮೇಲೊಂದು ಉಜ್ಜುವುದರಿಂದ ಕುಲುಕಾಟವೂ ಒಂದಷ್ಟು ತಣಿಯುತ್ತದೆ. ಅಷ್ಟನ್ನೂ ಮಾಡಲು ಅದಕ್ಕಿರುವುದು ಮುಂದೊಂದು ಕಣ್ಣು (ಪಟ್ಟಿಯ ತುದಿಯನ್ನು ಸುರುಳಿ ಸುತ್ತಿ ಮಾಡಿದ ತೂತು), ಹಿಂದೊಂದು ಕಣ್ಣು, ನಡುವೆ ಎರಡು ಯು-ಬೋಲ್ಟು.

ಮೂರನೆಯ ಕೆಲಸ, ತಿರುಚನ್ನು ತಡೆಯುವುದು, ಆ ಕಾಲದ ಬಲಿಷ್ಠ ಎಂಜಿನ್ನುಗಳ ಕಾರುಗಳಿಗೆ ದೊಡ್ಡ ತಲೆನೋವಾಗಿತ್ತು. ನಿಂತಲ್ಲಿಂದ ಜೋರಾಗಿ ಹೊರಟಾಗ ಪಟ್ಟಿ ಇಂಗ್ಲಿಷಿನ ಎಸ್ ಅಕ್ಷರದಂತೆ ಬಾಗಿ, ಹಿಡಿತ ತಪ್ಪಿದೊಡನೆ ಮತ್ತೆ ನೆಟ್ಟಗಾಗಿ, ಹಿಂದಿನ ಚಕ್ರಗಳು ನೆಲದ ಮೇಲೆ ದಡದಡನೆ ಕುಣಿಯುತ್ತವೆ. ಶೆವ್ರೊಲೆಯ 1967ರ ಕೆಮಾರೊಗೆ ಪ್ರತಿ ಬದಿಗೆ ಒಂದೇ ಒಂದು ಪಟ್ಟಿ ಇತ್ತು, ಈ ಕುಣಿತ ಅದಕ್ಕೆ ಕೆಟ್ಟ ಹೆಸರು ತಂದಿತು. ಮರುವರ್ಷ ಶಾಕ್ ಅಬ್ಸಾರ್ಬರುಗಳಲ್ಲಿ ಒಂದನ್ನು ಆಕ್ಸಲ್ಲಿನ ಮುಂದಕ್ಕೂ ಇನ್ನೊಂದನ್ನು ಹಿಂದಕ್ಕೂ ಇಟ್ಟು, ಬಲಿಷ್ಠ ಎಂಜಿನ್ನಿನ ಕಾರುಗಳಿಗೆ ಹಲವು ಪಟ್ಟಿಗಳ ಕಟ್ಟನ್ನು ಕೊಟ್ಟರು. ಕ್ರೈಸ್ಲರಿನವರು ಹಿಡಿದ ದಾರಿ ನನಗೆ ಹೆಚ್ಚು ಮೆಚ್ಚುಗೆಯಾಗುತ್ತದೆ. ಅವರು ಆಕ್ಸಲ್ಲನ್ನು ಪಟ್ಟಿಯ ನಡುಮಧ್ಯಕ್ಕೆ ಕಟ್ಟದೆ ಮುಂದಕ್ಕೆ ಸರಿಸಿದರು. ನನ್ನ ಕಾರಿನಲ್ಲಿ ಆಕ್ಸಲ್ಲಿನ ಮುಂದಿರುವ ಭಾಗ ಇಡೀ ಉದ್ದದ ಮೂರನೆಯ ಒಂದು ಪಾಲಿಗಿಂತ ಸ್ವಲ್ಪ ಮಾತ್ರ ಹೆಚ್ಚು. ಆ ಗಿಡ್ಡ, ಗಡುಸು ತುಂಡು ತೋಳಿನಂತೆ ನಿಂತು ತಿರುಚನ್ನು ತಡೆಯುತ್ತದೆ. ಉದ್ದನೆಯ ಹಿಂದಿನ ತುಂಡು ಬಳುಕುತ್ತ ರಸ್ತೆಯ ಉಬ್ಬುತಗ್ಗನ್ನು ನುಂಗುತ್ತದೆ. ಹೊಸ ಬಿಡಿಭಾಗವನ್ನೇ ಸೇರಿಸದೆ, ಒಂದು ರಂಧ್ರದ ಜಾಗವನ್ನು ಬದಲಿಸಿ ಮಾಡಿದ ಪರಿಹಾರ ಇದು. ಎಂಜಿನ್ನಿನಿಂದ ಹಿಂದಕ್ಕೆ ಬರುವ ಶಾಫ್ಟು ತಿರುಗುವಾಗ ಎಡ ಹಿಂದಿನ ಚಕ್ರವನ್ನು ನೆಲಕ್ಕೆ ಒತ್ತಿ ಬಲಗಡೆಯದನ್ನು ಎತ್ತಲು ಯತ್ನಿಸುವುದರಿಂದ, ರೇಸಿಗಾಗಿ ಮಾಡಿದ ಅವರ ಸೂಪರ್ ಸ್ಟಾಕ್ ಸ್ಪ್ರಿಂಗುಗಳು ಎಡಕ್ಕೊಂದು ಬಗೆ, ಬಲಕ್ಕೊಂದು ಬಗೆ ಇರುತ್ತಿದ್ದವು.

ಉಪ್ಪು

ಬಿಚ್ಚುವ ಕೆಲಸವನ್ನು ಮೇ ತಿಂಗಳಲ್ಲಿ ಆರಂಭಿಸಿದೆವು. ಕಾರಿನ ಒಡಲನ್ನು ಸ್ಪ್ರಿಂಗಿನ ಮುಂದಿನ ಕಣ್ಣಿಗಿಂತ ಮುಂದೆ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ, ಆಕ್ಸಲ್ಲಿಗೆ ಬೇರೆಯೇ ಜಾಕ್ ಕೊಟ್ಟು, ಶಾಕ್ ಅಬ್ಸಾರ್ಬರಿನ ಕೆಳತುದಿಯನ್ನೂ ಯು-ಬೋಲ್ಟುಗಳನ್ನೂ ತೆಗೆದು, ಪಟ್ಟಿಯ ಸೆಳೆತ ಪೂರ್ತಿ ಇಳಿಯುವವರೆಗೆ ಆಕ್ಸಲ್ಲನ್ನು ನಿಧಾನವಾಗಿ ಇಳಿಸಬೇಕು. ಹಿಂದಿನ ಶೆಕಲ್, ಅಂದರೆ ಹಿಂದಿನ ಕಣ್ಣನ್ನು ಕಾರಿನ ಒಡಲಿಗೆ ಸೇರಿಸುವ ಕೊಂಡಿ, ಸುಲಭವಾಗಿ ಬಂತು. ಮುಂದಿನ ಕಣ್ಣಿನ ಬೋಲ್ಟು ಬರಲಿಲ್ಲ.

ಆ ಬೋಲ್ಟು ರಬ್ಬರ್ ಬುಷ್‌ನ ಒಳಗಿರುವ ಉಕ್ಕಿನ ಕೊಳವೆಯ ಮೂಲಕ ಹಾದುಹೋಗುತ್ತದೆ. ಅರ್ಧ ಶತಮಾನದಲ್ಲಿ ಬೋಲ್ಟೂ ಕೊಳವೆಯೂ ತುಕ್ಕಿನಿಂದ ಒಂದಾಗಿದ್ದವು. ಸ್ಪ್ಯಾನರ್ ಹಾಕಿ ತಿರುಗಿಸಿದರೆ ಬೋಲ್ಟಿನ ಜೊತೆ ಕೊಳವೆಯೂ ತಿರುಗುತ್ತ, ರಬ್ಬರ್ ಹಿಂಡಿಕೊಂಡು ಮತ್ತೆ ತನ್ನ ಜಾಗಕ್ಕೆ ಮರಳುತ್ತಿತ್ತು. ಮೂರು ದಿನ ಬೆಳಿಗ್ಗೆ ಸಂಜೆ ಎಣ್ಣೆ ಹಾಕಿದೆ. ಬೆಂಕಿ ಹಿಡಿದು ಕಾಯಿಸಿದಾಗ ರಬ್ಬರ್ ಕರಗಿದ ನಾತ ಗ್ಯಾರೇಜಿನಲ್ಲಿ ಒಂದು ವಾರ ಉಳಿಯಿತು. ಕೊನೆಗೆ, ಆ ಕಣ್ಣನ್ನು ಹಿಡಿದಿರುವ ಕಬ್ಬಿಣದ ಹಿಡಿಕೆಯನ್ನು ಕಾರಿನ ತಳಕ್ಕೆ ಕಚ್ಚಿಸಿದ್ದ ನಟ್ಟುಗಳನ್ನೇ ಬಿಚ್ಚಿ, ಸ್ಪ್ರಿಂಗನ್ನು ಹಿಡಿಕೆಯ ಸಮೇತ ಕೆಳಗಿಳಿಸಿ, ನೆಲದ ಮೇಲಿಟ್ಟು ಬೋಲ್ಟನ್ನು ಗರಗಸದಿಂದ ಎರಡೂ ಬದಿ ಕತ್ತರಿಸಿದೆವು. ಕ್ರೈಸ್ಲರ್ ಕಾರುಗಳಲ್ಲಿ ಆ ಹಿಡಿಕೆ ಬಿಚ್ಚಿಬರುವಂತಿದೆ ಎಂಬುದಕ್ಕೆ ನಾನು ಕೃತಜ್ಞನಾಗಿದ್ದೇನೆ. ಫೋರ್ಡಿನ ಮಸ್ಟ್ಯಾಂಗ್ ಕಾರು ಇರುವವರು ಇದೇ ಕೆಲಸವನ್ನು ಕಾರಿನಡಿ ಮಲಗಿಕೊಂಡೇ, ಕಣ್ಣಿಗೆ ಕಬ್ಬಿಣದ ಪುಡಿ ಉದುರಿಸಿಕೊಳ್ಳುತ್ತ ಮಾಡಬೇಕಾಗುತ್ತದೆ.

ಆ ತುಕ್ಕು ಇಲ್ಲಿನ ರಸ್ತೆಯ ಉಪ್ಪಿನದು. ಡೆಟ್ರಾಯಿಟ್ ನಗರದ ಕೆಳಗೆ ಸಾವಿರ ಅಡಿಗೂ ಹೆಚ್ಚು ಆಳದಲ್ಲಿ, ಎಂದೋ ಬತ್ತಿಹೋದ ಕಡಲೊಂದು ಬಿಟ್ಟುಹೋದ ಉಪ್ಪಿನ ಪದರವಿದೆ, ಅದನ್ನು ಅಗೆಯುವ ಗಣಿಯೂ ಇದೆ. ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಸುರಿಯುವುದು ಅಂಥ ಕಲ್ಲುಪ್ಪನ್ನೇ. ಉಪ್ಪುನೀರು ಪಟ್ಟಿಗಳ ನಡುವಿನ ಸಂದಿಗೆ ಇಳಿದರೆ ಒಣಗುವುದೇ ಇಲ್ಲ. ತುಕ್ಕು ಉಬ್ಬಿ ಪಟ್ಟಿಗಳನ್ನು ಒಂದರಿಂದೊಂದು ಬೇರ್ಪಡಿಸುತ್ತದೆ. ಮೇಲೆ ಕಾರು ಕಟ್ಟಿದ ನಗರ, ಕೆಳಗೆ ಅದನ್ನು ತಿನ್ನುವ ಉಪ್ಪು. ಈಗ ನಾನು ಕಾರನ್ನು ಚಳಿಗಾಲದಲ್ಲಿ ಹೊರಗೆ ತೆಗೆಯುವುದಿಲ್ಲ, ಆದರೆ ಮೊದಲಿನ ಒಡೆಯರು ಅದನ್ನು ದಿನನಿತ್ಯದ ಕೆಲಸಕ್ಕೆ ಓಡಿಸಿದ್ದರು. ಅವರನ್ನು ನಾನು ದೂರುವುದಿಲ್ಲ. 1970ರಲ್ಲಿ ಇದು ಅಗ್ಗದ ಕಾರು, ಓಡಿಸುವುದಕ್ಕೆಂದೇ ಮಾಡಿದ್ದು.

ಸುತ್ತಿಗೆಯ ದನಿ

ಬಿಚ್ಚಿದ ಪಟ್ಟಿಗಳನ್ನು ಗ್ಯಾರೇಜಿನ ನೆಲದ ಮೇಲೆ ಉದ್ದದ ಕ್ರಮದಲ್ಲಿ ಜೋಡಿಸಿಟ್ಟಾಗ ನನಗೆ ತಿಪಟೂರು ನೆನಪಾಯಿತು.

ಅಪ್ಪನ ಹತ್ತಿರ ಕೊಬ್ಬರಿ ಸಾಗಿಸುವ ಲಾರಿ ಇತ್ತು. ನಾನು ಒಂಬತ್ತು ವರ್ಷದವನಿದ್ದಾಗ, ಬೇಸಗೆ ರಜೆಯಲ್ಲಿ, ಒಮ್ಮೆ ಲಾರಿ ಒಂದು ಬದಿಗೆ ವಾಲಿಕೊಂಡು ಊರಿಗೆ ಬಂತು. “ಪ್ಲೇಟ್ ಕಟ್ಟಾಗಿದೆ” ಎಂದು ಅಪ್ಪ ಹೇಳಿದ್ದು ಕೇಳಿ ಊಟದ ತಟ್ಟೆ ಎಂದುಕೊಂಡಿದ್ದೆ. ಹೆದ್ದಾರಿ ಬದಿಯ ಸ್ಪ್ರಿಂಗ್ ಅಂಗಡಿಯವರು, ಅಪ್ಪ ಅವರನ್ನು ಸಾಬರೇ ಎಂದು ಕರೆಯುತ್ತಿದ್ದರು, ಇಡೀ ಕಟ್ಟನ್ನು ಬಿಚ್ಚಿ ಪಟ್ಟಿಗಳನ್ನು ಮಣ್ಣಿನ ಮೇಲೆ ಸಾಲಾಗಿ ಇಟ್ಟರು. ತುಂಡಾಗಿದ್ದ ಪಟ್ಟಿ ಎಲ್ಲರಿಗೂ ಕಾಣುತ್ತಿತ್ತು. ಅದನ್ನು ಅವರು ಬದಿಗಿಟ್ಟು, ಚೆನ್ನಾಗಿವೆ ಎನಿಸಿದ ಉಳಿದ ಪಟ್ಟಿಗಳ ಒಂದೊಂದು ತುದಿಯನ್ನು ಕಲ್ಲಿನ ಮೇಲೆತ್ತಿ ಸುತ್ತಿಗೆಯಿಂದ ಮೆಲ್ಲಗೆ ಬಡಿಯುತ್ತ ಹೋದರು. ಗಂಟೆಯಂತೆ ದನಿ ಬಂತು, ಮತ್ತೊಂದರಿಂದಲೂ ಹಾಗೆಯೇ ಬಂತು, ಅದರ ಮುಂದಿನದು ಮಡಕೆ ಬಡಿದಂತೆ ಕೇಳಿಸಿತು. “ಕೇಳು ಮಗಾ, ಇದೂ ಹೋಗಿದೆ” ಎಂದು ನನ್ನ ಕೈಗೆ ಸುತ್ತಿಗೆ ಕೊಟ್ಟರು. ನಾನು ಬಡಿದೆ. ಬಿರುಕು ಎಲ್ಲಿದೆಯೆಂದು ಎಷ್ಟು ಹುಡುಕಿದರೂ ನನಗೆ ಕಾಣಲಿಲ್ಲ. ಅವರು ಸೀಮೆಎಣ್ಣೆಯಲ್ಲಿ ಒರೆಸಿ, ಮೇಲೆ ಸುಣ್ಣದ ಪುಡಿ ಉಜ್ಜಿ ಸ್ವಲ್ಪ ಹೊತ್ತು ಬಿಟ್ಟರು. ಬಿಳಿಯ ಮೇಲೆ ಕೂದಲೆಳೆಯಂಥ ಕಪ್ಪು ಗೆರೆಯೊಂದು ತಾನಾಗಿಯೇ ಮೂಡಿತು. ಆ ಎರಡು ಪಟ್ಟಿಗಳಲ್ಲಿ ಒಂದು ಕುಲುಮೆಗೆ ಹೋಗಿ ನಮ್ಮ ತೋಟಕ್ಕೆ ಎರಡು ಮಚ್ಚುಗಳಾಗಿ ಬಂತು.

ನಾನೂ ಈಗ ಸುತ್ತಿಗೆ ತೆಗೆದುಕೊಂಡೆ. ಎಡಗಡೆಯ ಮೇನ್ ಪ್ಲೇಟ್, ಅಂದರೆ ಎರಡೂ ಕಣ್ಣುಗಳಿರುವ ಅತಿ ಉದ್ದದ ಪಟ್ಟಿ, ಮಡಕೆಯ ದನಿ ಕೊಟ್ಟಿತು. ಒರೆಸಿ ನೋಡಿದಾಗ ನಡುವಿನ ಸೆಂಟರ್ ಬೋಲ್ಟಿನ ರಂಧ್ರದಿಂದ ಅಂಚಿನ ಕಡೆಗೆ ಗೆರೆಯೊಂದು ಹೊರಟಿತ್ತು. ಬಿರುಕು ಅಲ್ಲಿಯೇ ಹುಟ್ಟುವುದು ಸಹಜ; ಪಟ್ಟಿ ರಂಧ್ರದ ಬಳಿ ದುರ್ಬಲವಾಗಿರುತ್ತದೆ, ಯು-ಬೋಲ್ಟು ಸ್ವಲ್ಪ ಸಡಿಲವಾದರೂ ಬಾಗುವಿಕೆಯೆಲ್ಲ ಆ ರಂಧ್ರದ ಸುತ್ತ ಸೇರುತ್ತದೆ. ಸೆಂಟರ್ ಬೋಲ್ಟಿನ ತಲೆ ಆಕ್ಸಲ್ಲಿನ ಪೀಠದ ಗುಳಿಯಲ್ಲಿ ಕೂತು ಆಕ್ಸಲ್ಲನ್ನು ನೆಟ್ಟಗೆ ಹಿಡಿದಿರುತ್ತದೆ. ಮೇನ್ ಪ್ಲೇಟ್ ಅಲ್ಲಿ ತುಂಡಾದರೆ ಆಕ್ಸಲ್ಲೇ ಓರೆಯಾಗುತ್ತದೆ. ಅಂಥ ಕಾರಿನಲ್ಲಿ ನಾನು ಮಗಳನ್ನು ಕೂರಿಸಿಕೊಂಡು ಓಡಾಡಿದ್ದೆ.

ಆ ತನಕ ಹಳೆಯ ಪಟ್ಟಿಗಳಿಗೇ ಮತ್ತೆ ಕಮಾನು ಏರಿಸಿಕೊಳ್ಳೋಣ ಎಂಬ ಆಸೆ ನನಗಿತ್ತು. ಕಾರಿನೊಡನೆ ಹುಟ್ಟಿದ ಉಕ್ಕು ಅದರಲ್ಲೇ ಉಳಿಯಲಿ ಎಂಬ ಮೋಹ. ಟ್ರಕ್ಕುಗಳ ಸ್ಪ್ರಿಂಗ್ ಅಂಗಡಿಯಲ್ಲಿ ವಿಚಾರಿಸಿದಾಗ, ತಣ್ಣಗಿರುವಾಗ ಬಡಿದು ಬಾಗಿಸಿದ ಪಟ್ಟಿ ಬೇಗನೆ ಮತ್ತೆ ಕುಸಿಯುತ್ತದೆ, ಕಾಯಿಸಿ ಹದ ಕೊಟ್ಟರೆ ನಿಲ್ಲುತ್ತದೆ, ಆದರೆ ಬಿರುಕಿಗೆ ಯಾವ ಹದವೂ ಇಲ್ಲ ಎಂದರು. ಉಕ್ಕಿನ ಬಿರುಕು ಮೇಲ್ಮೈಯಿಂದ ಆರಂಭವಾಗುತ್ತದೆ. ಅದನ್ನು ತಡೆಯಲು ಪಟ್ಟಿಯ ಮೈಮೇಲೆ ಸಣ್ಣ ಉಕ್ಕಿನ ಗುಂಡುಗಳನ್ನು ವೇಗವಾಗಿ ಸುರಿಸಿ ಚರ್ಮವನ್ನು ಬಿಗಿಗೊಳಿಸುವ ವಿಧಾನವೊಂದಿದೆ. ಅದನ್ನು ಅಳತೆಗೆ ಸಿಗುವ ವಿದ್ಯೆಯಾಗಿಸಿದವರು ಜನರಲ್ ಮೋಟರ್ಸ್ ಸಂಶೋಧನಾಲಯದಲ್ಲಿದ್ದ ಜಾನ್ ಆಲ್ಮೆನ್. ತೆಳುವಾದ ಉಕ್ಕಿನ ಪಟ್ಟಿಯೊಂದರ ಒಂದು ಮೈಗೆ ಮಾತ್ರ ಗುಂಡು ಸುರಿಸಿದರೆ ಅದು ಬಿಲ್ಲಿನಂತೆ ಬಾಗುತ್ತದೆ; ಎಷ್ಟು ಬಾಗಿತು ಎಂಬುದೇ ಅಳತೆ. ಇವತ್ತಿಗೂ ಅದನ್ನು ಆಲ್ಮೆನ್ ಪಟ್ಟಿ ಎಂದೇ ಕರೆಯುತ್ತಾರೆ. ನಾನು ಹೊಸ ಸ್ಪ್ರಿಂಗುಗಳನ್ನು ತರಿಸಿದೆ.

ನೆಲದ ಮೇಲೆ ನಿಂತ ಮೇಲೆ

ಮೊದಲು ಬಂದ ಜೋಡಿಯನ್ನು ಹಿಂದಕ್ಕೆ ಕಳಿಸಬೇಕಾಯಿತು. ಎರಡನ್ನೂ ಗೋಡೆಗೆ ಒರಗಿಸಿ ಕಮಾನಿನ ಎತ್ತರ ಅಳೆದರೆ ಮುಕ್ಕಾಲು ಅಂಗುಲದ ವ್ಯತ್ಯಾಸವಿತ್ತು. ಕಾರಿಗೆ ಹಾಕುವ ಮೊದಲು ಅಳೆದು ನೋಡುವ ಬುದ್ಧಿ ಆ ಹೊತ್ತಿಗೆ ನನಗೆ ಬಂದಿತ್ತು. ಎರಡನೆಯ ಜೋಡಿ, ಬೇರೊಬ್ಬರಿಂದ ಬಂದದ್ದು, ಕೂದಲಿನಷ್ಟು ಮಾತ್ರ ಹೆಚ್ಚುಕಡಿಮೆ ಇತ್ತು. ಯು-ಬೋಲ್ಟುಗಳನ್ನೂ ಹೊಸದಾಗಿಯೇ ಕೊಂಡೆ. ಒಮ್ಮೆ ಬಿಗಿದು ಹಿಗ್ಗಿದ ಬೋಲ್ಟು ಮತ್ತೆ ಅದೇ ಹಿಡಿತ ಕೊಡುವುದಿಲ್ಲ.

ಜೋಡಿಸುವುದರಲ್ಲಿ ಒಂದು ತಪ್ಪು ಮಾಡಿದೆ. ಕಾರು ಇನ್ನೂ ಸ್ಟ್ಯಾಂಡುಗಳ ಮೇಲಿದ್ದಾಗಲೇ, ಆಕ್ಸಲ್ ಕೆಳಗೆ ಜೋತಾಡುತ್ತಿದ್ದಾಗಲೇ, ಕಣ್ಣಿನ ಬೋಲ್ಟನ್ನೂ ಶೆಕಲಿನ ನಟ್ಟುಗಳನ್ನೂ ಪೂರ್ತಿ ಬಿಗಿಸಿಬಿಟ್ಟೆ. ರಬ್ಬರ್ ಬುಷ್ ಕೀಲಿನಂತೆ ತಿರುಗುವ ವಸ್ತುವಲ್ಲ. ಒಳಗಿನ ಕೊಳವೆಗೂ ಹೊರಗಿನ ಕಣ್ಣಿಗೂ ಅಂಟಿಕೊಂಡು ನಡುವೆ ತಿರುಚಿಕೊಳ್ಳುತ್ತದೆ. ಜೋತಾಡುವ ಭಂಗಿಯಲ್ಲಿ ಬಿಗಿಸಿದರೆ ಆ ಭಂಗಿಯೇ ಅದಕ್ಕೆ ವಿಶ್ರಾಂತಿಯ ಸ್ಥಿತಿಯಾಗುತ್ತದೆ, ಕಾರು ನೆಲಕ್ಕೆ ಇಳಿದ ಕ್ಷಣದಿಂದ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಇಳಿಸಿದಾಗ ಹಿಂಭಾಗ ಏಣಿಯ ಮೇಲೆ ನಿಂತಂತೆ ಎತ್ತರವಾಗಿತ್ತು. ಹಿರಿಯರು ಬಂದು ನೋಡಿದರು, ಎಲ್ಲ ನಟ್ಟುಗಳನ್ನೂ ಸಡಿಲಿಸಲು ಹೇಳಿದರು. ಚಕ್ರಗಳ ಮೇಲೆ ಭಾರವಿದ್ದಂತೆಯೇ ಇಬ್ಬರೂ ಹಿಂದಿನ ಬಂಪರನ್ನು ಹಿಡಿದು ಹತ್ತಾರು ಸಲ ಒತ್ತಿ ಬಿಟ್ಟೆವು. ಕರ್ ಎಂಬ ಸದ್ದಿನೊಡನೆ ಹಿಂಭಾಗ ಇಳಿಯಿತು. ಆಮೇಲೆ ನಾನು ಕೆಳಗೆ ತೆವಳಿಕೊಂಡು ಹೋಗಿ ಬಿಗಿಸಿದೆ.

ಆಗಲೂ ಎತ್ತರ ಹೆಚ್ಚೇ ಇತ್ತು. ಹೊಸ ಪಟ್ಟಿಗಳು ಕೆಲವು ನೂರು ಮೈಲಿ ಓಡಿದ ಮೇಲಷ್ಟೇ ತಮ್ಮ ಎತ್ತರಕ್ಕೆ ಬಂದು ಕೂರುತ್ತವೆ. ಆಗಸ್ಟ್ ಮೂರನೆಯ ಶನಿವಾರ ವುಡ್‌ವರ್ಡ್ ರಸ್ತೆಯಲ್ಲಿ 1995ರಿಂದ ನಡೆಯುತ್ತಿರುವ ಹಳೆಯ ಕಾರುಗಳ ಮೆರವಣಿಗೆಗೆ ಕಾರನ್ನು ಒಯ್ದೆ. ಅಲ್ಲಿ ನಿಂತು ಸಾಲುಸಾಲಾಗಿ ಸಾಗುವ ಕಾರುಗಳನ್ನು ಹಿಂದಿನಿಂದ ನೋಡುತ್ತಿದ್ದಾಗ, ಎಷ್ಟೊಂದು ಕಾರುಗಳು ಚಾಲಕನ ಬದಿಯ ಹಿಂದಿನ ಮೂಲೆಗೆ ಕುಸಿದಿವೆ ಎಂಬುದನ್ನು ಮೊದಲ ಬಾರಿಗೆ ಗಮನಿಸಿದೆ. ಐವತ್ತು ವರ್ಷ ಒಂದೇ ಬದಿಯಲ್ಲಿ ಕೂತ ಚಾಲಕನ ಭಾರ, ಎಡ ಚಕ್ರವನ್ನು ಒತ್ತುವ ಶಾಫ್ಟಿನ ತಿರುಚು, ಎರಡೂ ಸೇರಿರಬೇಕು. ಮುಂಭಾಗಕ್ಕೂ ಹಿಂಭಾಗಕ್ಕೂ ಸಾಮ್ಯವಿಲ್ಲದ ಕಾರುಗಳನ್ನೂ ಕಂಡೆ. ಅವುಗಳಲ್ಲಿ ಎಷ್ಟಕ್ಕೆ ನನ್ನಂತೆಯೇ ಮುಂದಿನ ಬೋಲ್ಟು ಬಿಗಿಸಿದ್ದಾರೋ ಎಂದು ಯೋಚಿಸುತ್ತ ಸಂಜೆಯಾಯಿತು. ಒಬ್ಬರನ್ನು ನಿಲ್ಲಿಸಿ ಹೇಳಿಯೂಬಿಟ್ಟೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡು ನನ್ನಿಂದ ಟೇಪ್ ಇಸಿದುಕೊಂಡರು.

ಸೆಪ್ಟೆಂಬರ್ ಮೊದಲ ವಾರಕ್ಕೆ 500 ಮೈಲಿ ಮುಗಿದಿತ್ತು. ಹಿಂದಿನ ಎರಡು ಮೂಲೆಗಳ ನಡುವೆ ಈಗ ಉಳಿದದ್ದು ಒಂದು ಅಂಗುಲದ ಎಂಟನೆಯ ಒಂದು ಭಾಗ. ಆದರೆ ಎಡ ಮುಂದಿನ ಮೂಲೆ ಎದ್ದು ನಿಂತಿತ್ತು, ನಾನು ಎರಡು ವರ್ಷಗಳ ಹಿಂದೆ ಕೊಟ್ಟ ಎರಡು ಸುತ್ತು ಅಲ್ಲಿ ಹಾಗೆಯೇ ಇತ್ತು. ಮುಂಭಾಗವನ್ನೆತ್ತಿ ಬಾರಿನ ಸೆಳೆತ ಇಳಿಸಿ ಬೋಲ್ಟನ್ನು ಹಿಂದಕ್ಕೆ ತಿರುಗಿಸಿದೆ. ಸಲೀಸಾಗಿ ತಿರುಗಿತು. ಒಂದು ಸುತ್ತು, ಇನ್ನೊಂದು ಸುತ್ತು. ಕಾರನ್ನು ಇಳಿಸಿ, ಉರುಳಿಸಿ, ಮತ್ತೆ ಅಳೆದೆ. ಪರಿಚಿತರ ರೇಸ್ ಗ್ಯಾರೇಜಿನಲ್ಲಿ ನಾಲ್ಕು ಚಕ್ರಗಳ ಕೆಳಗೂ ತೂಕದ ಹಲಗೆ ಇಟ್ಟು ನೋಡಿದಾಗ ಮುಂದಿನ ಎರಡು ಚಕ್ರಗಳು ಹೊರುತ್ತಿದ್ದ ಭಾರ ಹೆಚ್ಚುಕಡಿಮೆ ಸಮವಾಗಿತ್ತು.

ಆಮೇಲೆ ಮಳೆಗಾಗಿ ಕಾದೆ. ಹತ್ತು ದಿನ ಬರಲಿಲ್ಲ. ಹನ್ನೊಂದನೆಯ ದಿನ, ಭಾನುವಾರ ಬೆಳಿಗ್ಗೆ, ಶಾಲೆಯ ಖಾಲಿ ವಾಹನ ನಿಲ್ದಾಣಕ್ಕೆ ಕಾರನ್ನು ಒಯ್ದು, 25 ಮೈಲಿ ವೇಗಕ್ಕೆ ತಂದು ಬ್ರೇಕನ್ನು ಪೂರ್ತಿ ಒತ್ತಿದೆ. ಇಳಿದು ಹಿಂದಕ್ಕೆ ನಡೆದು ನೋಡಿದೆ. ನಿಂತ ನೀರಿನ ಮೇಲೆ ಮುಂದಿನ ಚಕ್ರಗಳ ಎರಡು ಗೆರೆಗಳು ಒಂದೇ ಜಾಗದಲ್ಲಿ ಶುರುವಾಗಿ, ಕಾರಿನವರೆಗೂ ನೆಟ್ಟಗೆ ಬಂದಿದ್ದವು. ಮಳೆ ಅವನ್ನು ಅಳಿಸುವವರೆಗೆ ಅಲ್ಲಿಯೇ ನಿಂತಿದ್ದು, ಮಗಳನ್ನು ಕರೆದುಕೊಂಡು ಬರಲು ಮನೆಗೆ ಹೋದೆ.